ಬಾರ್ಟ್ಲಿ ಸಹಿ ಹಾಕಿದ ಸಮಾಧಿ

ನಮ್ಮ ಐರಿಷ್ ಹಳ್ಳಿ ಕಿಲ್‌ಕಾರದ ಹಳೆಯ ಸ್ಮಶಾನದಲ್ಲಿ ಹೆಸರು ಕೆತ್ತಿದ ಕಲ್ಲುಗಳಿಗಿಂತ ಹೊಲದಿಂದ ಎತ್ತಿ ತಂದು ನೆಟ್ಟ ಕಾಡುಗಲ್ಲುಗಳೇ ಹೆಚ್ಚು. ಯಾವುದರ ಕೆಳಗೆ ಯಾರಿದ್ದಾರೆ ಎಂದು ಸಾಲುಸಾಲಾಗಿ ಹೇಳಬಲ್ಲ ಕೊನೆಯ ಮನುಷ್ಯ ಬಾರ್ಟ್ಲಿ ಬ್ರೆಹೆನಿ. ವಯಸ್ಸು ಎಂಬತ್ತೊಂದು. ನಾಲ್ಕು ಬೇಸಿಗೆ ಅವನ ಜೊತೆ ನಡೆದು ಇನ್ನೂರ ಹನ್ನೊಂದು ಸಮಾಧಿಗಳ ವಿವರವನ್ನು ದಾಖಲಿಸಿಕೊಂಡಿದ್ದೇನೆ. ಅವುಗಳಲ್ಲಿ ಒಂದರ ವಿಷಯ ಮಾತ್ರ ಇಲ್ಲಿದೆ. ಕೆಲವನ್ನು ಅವನೇ ಹೇಳಿದ. ಉಳಿದದ್ದು ಆ ದಿನ ಗುದ್ದಲಿ ಹಿಡಿದು ನಿಂತಿದ್ದವರಿಂದ ತಿಳಿಯಿತು.

ಅಮೆರಿಕದಿಂದಲೋ ಆಸ್ಟ್ರೇಲಿಯದಿಂದಲೋ ಕಾಗದದ ಕಟ್ಟು ಹಿಡಿದು ಪೂರ್ವಜರನ್ನು ಹುಡುಕಿಕೊಂಡು ಬಂದವರನ್ನು ಪಾದ್ರಿಗಳು ನೇರವಾಗಿ ಬಾರ್ಟ್ಲಿಯ ಮನೆಗೆ ಕಳಿಸುತ್ತಿದ್ದರು. ಕಾಗದದಲ್ಲಿದ್ದ ಮನೆತನದ ಹೆಸರನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಜ್ಞಾನಸ್ನಾನದ ಪುಸ್ತಕದಲ್ಲಿ ಪಾದ್ರಿ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಜಮೀನುದಾರನ ಗುಮಾಸ್ತ ಅದನ್ನು ಮೊಟಕು ಮಾಡಿರುತ್ತಾನೆ, ಹಡಗಿನವನು ಮತ್ತೇನೋ ಗೀಚಿರುತ್ತಾನೆ.

"ಹೆಸರು ಆಮೇಲೆ ನೋಡೋಣ," ಎನ್ನುತ್ತಿದ್ದ. "ನಿಮ್ಮೋರು ಏನು ಕಸುಬು ಮಾಡ್ತಿದ್ರು? ಹಿರೀ ಮಗನಿಗೆ ಏನಂತ ಕರೀತಿದ್ರು? ಯಾವುದಾದ್ರೂ ಬಾವಿ ಸುದ್ದಿ ಮನೇಲಿ ಬರ್ತಿತ್ತಾ?"

ನಮ್ಮಲ್ಲಿ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಅದನ್ನೇ ಹಿಡಿದು ಬಾರ್ಟ್ಲಿ ತಲೆಮಾರುಗಳನ್ನು ಹತ್ತಿ ಹೋಗುತ್ತಿದ್ದ.

ಓಹಾಯೊದ ನಿವೃತ್ತ ಶಾಲಾ ಮೇಷ್ಟರು ವಾಲ್ಟರ್ ಜಡ್ಜ್ ಎರಡು ಬೇಸಿಗೆ ಪುಸ್ತಕಗಳನ್ನಷ್ಟೇ ತಡಕಿ ಬರಿಗೈಯಲ್ಲಿ ಹಿಂತಿರುಗಿದ್ದ. ಜಡ್ಜ್ ಎಂಬ ಮನೆತನ ನಮ್ಮ ಚರ್ಚಿನ ಯಾವ ಪುಸ್ತಕದಲ್ಲೂ ಇರಲಿಲ್ಲ. ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ, ಮೂರನೆಯ ಸಲ ಬಂದಾಗ, ಬಾರ್ಟ್ಲಿಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ತನ್ನ ಮನೆಯಲ್ಲಿ ಹಿರಿಯ ಮಗ ಒಂದು ತಲೆಮಾರಿನಲ್ಲಿ ಲ್ಯೂಕ್ ಆದರೆ ಮುಂದಿನದರಲ್ಲಿ ಬಾರ್ಥೊಲೊಮ್ಯೂ ಎಂದ. ಬಾರ್ಟ್ಲಿ ಎಂಬುದು ಅದೇ ಹೆಸರಿನ ಮೊಟಕು ರೂಪ. ಹಡಗು ಹತ್ತಿದ ಮುತ್ತಜ್ಜ ಮಗ್ಗದ ಲಾಳಿಯೊಂದನ್ನು ಜೊತೆಗೆ ಒಯ್ದಿದ್ದನಂತೆ. ಬಾರ್ಟ್ಲಿ ಬಟ್ಟಲು ಕೆಳಗಿಟ್ಟ.

"ನೀವು ನೇಕಾರ ಬ್ರೆಹೆನಿಗಳು ಕಣ್ರೀ. ನಮ್ಮೋರೇ. ಐರಿಷ್‌ನಲ್ಲಿ ಬ್ರೆಹೆನಿ ಅಂದ್ರೆ ನ್ಯಾಯ ಹೇಳೋನು. ಯಾವನೋ ಗುಮಾಸ್ತ ಅದನ್ನ ಇಂಗ್ಲಿಷಿಗೆ ತಿರುಗಿಸಿ ಜಡ್ಜ್ ಅಂತ ಬರ್ದಿದ್ದಾನೆ."

ಹಡಗು ಹತ್ತಿದ ಲ್ಯೂಕನ ತಮ್ಮನೇ ಬಾರ್ಟ್ಲಿಯ ಮುತ್ತಜ್ಜ. ವಾಲ್ಟರ್ ಎದ್ದು ಬಂದು ಅವನನ್ನು ತಬ್ಬಿಕೊಂಡ. ಆ ವಾರ ಪಬ್ಬಿನಲ್ಲಿ ನೆರೆಯ ಜೋಜೊ ಹಾರ್ಟ್ ಬಾರ್ಟ್ಲಿಯನ್ನು ಬಿಡಲಿಲ್ಲ.

"ಏನ್ ಮಾರಾಯ, ಜಡ್ಜ್ ಆಗ್ಬಿಟ್ಟೆಯಂತೆ. ನನ್ನ ಬೇಲಿ ತಗಾದೆ ಮೂವತ್ತು ವರ್ಷದಿಂದ ಬಿದ್ದಿದೆ. ತೀರ್ಪು ಯಾವತ್ತು?"

"ನೀನು ಬೇಲಿ ಜರುಗಿಸೋದು ನಿಲ್ಲಿಸಿದ ದಿವಸ."

ಮುತ್ತಜ್ಜನ ತಂದೆತಾಯಿ ಇರುವ ಜಾಗವನ್ನು ಬಾರ್ಟ್ಲಿ ತೋರಿಸಿದ. ಆ್ಯಶ್ ಮರದ ಕೆಳಗೆ ಮೂರು ಕಾಡುಗಲ್ಲು. ತನ್ನ ಅಜ್ಜನನ್ನು ಅಲ್ಲಿ ಇಟ್ಟಾಗ ಬಾರ್ಟ್ಲಿಗೆ ಆರು ವರ್ಷ. ತಂದೆತಾಯಿ ಇಂಗ್ಲೆಂಡಿಗೆ ದುಡಿಯಲು ಹೋಗಿ ಅಲ್ಲೇ ಮಣ್ಣಾದರು. ಆಮೇಲೆ ಆ ಜಾಗವನ್ನು ತೆರೆದದ್ದು ಒಂದೇ ಸಲ, ೧೯೭೧ರಲ್ಲಿ. ಬಾರ್ಟ್ಲಿ ಮತ್ತು ಅವನ ಹೆಂಡತಿ ಡಿಲಿಯಾಗೆ ಹುಟ್ಟಿದ ಒಬ್ಬನೇ ಮಗ ಎಂಟು ದಿನ ಬದುಕಿದ. ಕೂಸಿಗೆ ಶವಯಾತ್ರೆ ಮಾಡುವ ರೂಢಿ ಆಗ ಇರಲಿಲ್ಲ. ತಂದೆಯೊಬ್ಬನೇ ಬೆಳಗಾಗುತ್ತಲೇ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಹೂಳಿ ಬಂದ. ಡಿಲಿಯಾ ಆ ವಿಷಯ ಮತ್ತೆ ಎತ್ತಲಿಲ್ಲ. ವರ್ಷಕ್ಕೊಮ್ಮೆ ಮಾತ್ರ, ಪಾದ್ರಿ ಬಂದು ಸಮಾಧಿಗಳನ್ನು ಹರಸುವ ಭಾನುವಾರ, ಕೋಟು ತೊಡುತ್ತ ಹೇಳುತ್ತಿದ್ದಳು: "ನನ್ನನ್ನೂ ಅಲ್ಲೇ ಮಲಗಿಸು. ಅವನ ಪಕ್ಕ."

ವಾಲ್ಟರ್ ದೊಡ್ಡ ಗ್ರಾನೈಟ್ ಕಲ್ಲು ನಿಲ್ಲಿಸಿದ. ಜಾಗದ ಸುತ್ತ ಕಾಂಕ್ರೀಟಿನ ಅಂಚು ಕಟ್ಟಿಸಿ ಬಿಳಿಯ ಜಲ್ಲಿ ಹರಡಿಸಿದ. ತಮ್ಮ ಜೀವಮಾನದಲ್ಲಿ ಜಡ್ಜ್ ಎಂಬ ಹೆಸರನ್ನೇ ಕೇಳದ ಗಂಡಹೆಂಡಿರ ತಲೆಯ ಮೇಲೆ 'ಜಡ್ಜ್ ಕುಟುಂಬ' ಎಂದು ಕೆತ್ತಿಸಿದ. ಸ್ಮಶಾನ ಸಮಿತಿ ಆಗಷ್ಟೇ ಸಮಾಧಿಗಳಿಗೆ ಸಂಖ್ಯೆ ಕೊಟ್ಟು ನಕ್ಷೆ ಮಾಡುತ್ತಿತ್ತು. ಹೊಸ ಕಲ್ಲಿಗೆ ಊರ ಹಿರಿಯರೊಬ್ಬರ ಸಾಕ್ಷಿ ಬೇಕಿತ್ತು. ಈ ಜಾಗ ಜಡ್ಜ್ ಮನೆತನದ್ದು ಎಂದು ಬಲ್ಲೆ ಎಂಬ ಒಕ್ಕಣೆಯ ಕೆಳಗೆ ಬಾರ್ಟ್ಲಿ ಸಹಿ ಹಾಕಿದ. ನಮ್ಮದೂ ಹೌದು ಎಂದು ಸೇರಿಸಲಿಲ್ಲ.

ಏಕೆ ಎಂದು ನಾನು ಕೇಳಿದೆ. "ಆ ಮನುಷ್ಯ ಅಳ್ತಾ ನಿಂತಿದ್ದ. ಕಲ್ಲು ಹಾಕಿಸ್ತಿರೋನು ಅವನು. ಅಲ್ಲಿ ಬಾಯಿಬಿಟ್ರೆ ಪಾಲು ಕೇಳಿದ ಹಾಗಿರ್ತಿತ್ತು." ಕೂಸಿನ ವಿಷಯವನ್ನೂ ಅದೇ ಕಾರಣಕ್ಕೆ ಹೇಳಲಿಲ್ಲ. ಡಿಲಿಯಾ ಮಾತ್ರ ಜಲ್ಲಿಯನ್ನು ಮೆಚ್ಚಿದಳು. ಇನ್ನು ಮಗುವಿನ ಮೇಲೆ ಮುಳ್ಳು ಬೆಳೆಯುವುದಿಲ್ಲ ಎಂದಳು.

ಎರಡು ವರ್ಷದ ಮೇಲೆ ವಾಲ್ಟರ್ ತನ್ನ ವಂಶಾವಳಿಯನ್ನು ಅಚ್ಚುಹಾಕಿಸಿ ಕಳಿಸಿದ. ಅದರಲ್ಲಿ ಓಹಾಯೊದ ಕವಲು ಮಾತ್ರ ಇತ್ತು. ಬಾರ್ಟ್ಲಿಯ ಹೆಸರು ಕೊನೆಯ ಪುಟದಲ್ಲಿ, ಕೃತಜ್ಞತೆಯ ಪಟ್ಟಿಯಲ್ಲಿ, ವಸತಿಗೃಹದ ಒಡತಿಯ ನಂತರ.

"ನೆಂಟ ಅಂತ ಬರೀಲಿಲ್ವಾ?" ಎಂದಳು ಡಿಲಿಯಾ.

"ಜಾಗ ಸಾಲದೆ ಬಂದಿರ್ಬೇಕು."

"ದಾರಿ ತೋರಿಸಿದವನು ಅಂತ ಬರ್ದಿದ್ದಾರೆ. ನಮ್ಮ ನಾಯೀನೂ ಅಷ್ಟು ತೋರಿಸ್ತಿತ್ತು."

೨೦೧೪ರ ಮಾರ್ಚಿನ ಒಂದು ಶನಿವಾರ ಡಿಲಿಯಾ ತೀರಿಕೊಂಡಳು. ಮಣ್ಣು ಮಂಗಳವಾರ, ಗುಂಡಿಯನ್ನು ನೆರೆಯವರು ಸೋಮವಾರ ತೋಡಬೇಕು. ಸೋಮವಾರ ಹೊಸದಾಗಿ ಸಮಾಧಿ ತೆರೆಯಬಾರದು ಎಂಬ ನಂಬಿಕೆಯಿರುವುದರಿಂದ ಭಾನುವಾರವೇ ಒಂದು ಹೆಂಟೆ ಮಗುಚಿ ಬರುವುದು ವಾಡಿಕೆ. ಚರ್ಚಿನ ಪೂಜೆ ಮುಗಿಸಿ ಬಾರ್ಟ್ಲಿಯೇ ಹೋದ. ಜಲ್ಲಿಯನ್ನು ಕೈಯಿಂದ ಸರಿಸಿ, ಕೂಸಿನ ಎಡಮಗ್ಗುಲಲ್ಲಿ ಒಂದು ಗುದ್ದಲಿ ಮಣ್ಣು ಮಗುಚಿದ.

ಸೋಮವಾರ ಬೆಳಿಗ್ಗೆ ಬಾರ್ಟ್ಲಿಯ ಎದುರಿನಲ್ಲಿ ಜೋಜೊ ಹಾರ್ಟ್ ಮತ್ತು ಇನ್ನು ಮೂವರು ಅಂಚಿನ ಕಾಂಕ್ರೀಟು ಬಿಡಿಸುತ್ತಿದ್ದಾಗ ಸಮಿತಿಯ ಕಾರ್ಯದರ್ಶಿ ಅಟ್ರಾಕ್ಟಾ ಡ್ರೂರಿ ಪುಸ್ತಕವನ್ನು ಎದೆಗವಚಿಕೊಂಡು ಬಂದಳು.

"ನಿಲ್ಸಿ. ಇದು ಜಡ್ಜ್‌ಗಳ ಹೆಸರಲ್ಲಿದೆ. ಅವರ ಒಪ್ಪಿಗೆ ಬರ್ದು ಬರ್ಬೇಕು."

"ಅಟ್ರಾಕ್ಟಾ, ಇದು ಬ್ರೆಹೆನಿಗಳ ಜಾಗ ಅಂತ ಇಡೀ ಊರಿಗೆ ಗೊತ್ತು," ಎಂದ ಜೋಜೊ.

"ನನಗೂ ಗೊತ್ತು ಕಣಪ್ಪಾ. ಹೋದ ವರ್ಷ ಬಾಯಿಮಾತು ನಂಬಿ ಬೇರೆಯವರ ಸಮಾಧಿ ತೆಗ್ಸಿ ಕೋರ್ಟಿಗೆ ಹೋದೋಳು ನಾನೇ. ಇಲ್ಲಿ ನೋಡು, ಸಾಕ್ಷಿ ಯಾರು? ಬಾರ್ಟ್ಲಿ, ನೀನೇ ಸಹಿ ಹಾಕಿದ್ದೀಯ."

ಬಾರ್ಟ್ಲಿ ನೋಡಿದ. ತನ್ನದೇ ಅಕ್ಷರ.

ವಾಲ್ಟರ್ ಸತ್ತು ಮೂರು ವರ್ಷವಾಗಿತ್ತು. ಅಟ್ರಾಕ್ಟಾ ಅವನ ಮಗಳಿಗೆ ಭಾನುವಾರವೇ ಇಮೇಲ್ ಬರೆದಿದ್ದಳು. ಉತ್ತರ ಮಧ್ಯಾಹ್ನ ಬಂತು. ಅಟ್ರಾಕ್ಟಾ ಅದನ್ನು ಸಮಾಧಿಯ ಬಳಿಯೇ ನಿಂತು, ತಲೆಯೆತ್ತದೆ ಓದಿದಳು. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಅಪ್ಪನ ಪುಸ್ತಕವನ್ನು ಪೂರ್ತಿ ನೋಡಿದೆವು. ಅದರ ವಂಶಾವಳಿಯಲ್ಲಿ ಈಗಿನ ಬ್ರೆಹೆನಿಗಳು ಯಾರೂ ಇಲ್ಲ. ಅಪರಿಚಿತರನ್ನು ಅಲ್ಲಿ ಇಡಲು ಒಪ್ಪಲಾರೆವು.

"ಅಗೀರೋ ನೀವು," ಎಂದ ಜೋಜೊ ಉಳಿದವರಿಗೆ. "ಓಹಾಯೊದಿಂದ ಬಂದು ಗುದ್ದಲಿ ಹಿಡ್ಕೊಳ್ತಾರಾ?"

"ಬೇಡ," ಎಂದ ಬಾರ್ಟ್ಲಿ. "ಮನೇಲಿ ಅವಳು ಮಲಗಿದ್ದಾಳೆ. ಅವಳನ್ನಿಟ್ಕೊಂಡು ಜಗಳ ಆಡಲ್ಲ."

ಕೂಸನ್ನು ಅಲ್ಲಿಂದ ತೆಗೆಯಬಹುದೇ ಎಂದು ಯಾರೋ ಮೆಲ್ಲಗೆ ಕೇಳಿದರು. ಅದಕ್ಕೂ ಒಪ್ಪಿಗೆ ಬೇಕಿತ್ತು. ನಾಲ್ವರೂ ಮಣ್ಣು ಮುಚ್ಚಿ, ಬಿಡಿಸಿದ ಅಂಚನ್ನು ಕೂರಿಸಿ, ಜಲ್ಲಿಯನ್ನು ಮೊದಲಿನಂತೆ ಹರಡಿದರು. ಡಿಲಿಯಾಳನ್ನು ಮಂಗಳವಾರ ರಸ್ತೆ ಪಕ್ಕದ ಹೊಸ ಸ್ಮಶಾನದಲ್ಲಿ, ಊರಿಗೆ ಬಂದು ಆರು ತಿಂಗಳೂ ಆಗಿರದ ಒಬ್ಬ ಟ್ರಕ್ ಚಾಲಕನ ಪಕ್ಕದಲ್ಲಿ ಇಟ್ಟರು.

ಅಂದಿನಿಂದ ಕಾಗದದ ಕಟ್ಟು ಹಿಡಿದು ಯಾರೇ ಬಂದರೂ ಬಾರ್ಟ್ಲಿ ಬಾಗಿಲಲ್ಲೇ ನಿಂತು ತನಗೇನೂ ಗೊತ್ತಿಲ್ಲ ಎನ್ನುತ್ತಾನೆ. ನನಗೆ ಹೇಳಲು ಒಪ್ಪಿದ್ದೂ ತಾನು ಸಾಯುವತನಕ ಆ ದಾಖಲೆಯನ್ನು ಯಾರಿಗೂ ತೋರಿಸಬಾರದೆಂಬ ಷರತ್ತಿನ ಮೇಲೆ. ಈ ಒಂದು ಸಮಾಧಿಯ ಕಥೆಯನ್ನು ಮಾತ್ರ ಈಗಲೇ ಅಚ್ಚು ಹಾಕಿಸು, ಓಹಾಯೊಗೂ ಒಂದು ಪ್ರತಿ ಹೋಗಲಿ ಎಂದ.

ಕಳೆದ ಆಗಸ್ಟಿನಲ್ಲಿ ಕೊನೆಯ ಸಾಲಿಗೆ ಬಂದೆವು. ಆ್ಯಶ್ ಮರದ ಕೆಳಗೆ ನಿಂತು, ನೇಕಾರ ಬ್ರೆಹೆನಿ ಎಂದು ಬರೆಯಲೇ ಎಂದು ಕೇಳಿದೆ.

"ಕಲ್ಲಿನ ಮೇಲೆ ಇರೋದನ್ನೇ ಬರ್ಕೊ."

ಮಗುವಿನದು ಏನೆಂದು ಬರೆಯಲಿ ಎಂದೆ.

ಅವನು ಊರುಗೋಲಿನಿಂದ ಜಲ್ಲಿಯ ಒಂದು ಹರಳನ್ನು ಅಂಚಿನೊಳಕ್ಕೆ ತಳ್ಳಿದ.

"ಜಡ್ಜ್‌ಗಳ ಸಮಾಧೀಲಿ ಹೊರಗಿನ ಮಗು ಒಂದಿದೆ ಅಂತ ಬರಿ. ಒಪ್ಪಿಗೆ ಇಲ್ದೆ ಇಟ್ಟಿದ್ದು ಅಂತಾನೂ ಸೇರ್ಸು."