ಏಳು ಗಂಟೆಯ ಅಂಕಿ

ಚಾ ಲೋಟಕ್ಕೆ ತಟ್ಟೆ ಮುಚ್ಚಿಟ್ಟು, ಪೆನ್ನು ಎತ್ತಿ ಹಿಡಿದು, ಮೀನಿಗೆ ಕಾದು ನಿಂತ ಕೊಕ್ಕರೆಯ ಹಾಗೆ ಪರದೆಯನ್ನೇ ನೋಡುತ್ತಿದ್ದ ಹಮೀದಾಕನನ್ನು ಕಂಡು ಮೊದಲ ದಿನ ನನಗೆ ನಗು ಬಂದಿತ್ತು. ಪೆನ್ನು ಮುಗಿದಾಗ ಪೆನ್ಸಿಲ್ ಕೊಡಲು ಹೋದರೆ, "ಬೇಡ ಅಕ್ಕ, ಪೆನ್ಸಿಲ್ ಆದ್ರೆ ರಬ್ಬರಿಗೆ ಆಸೆ ಆಗ್ತದೆ" ಎಂದಿದ್ದರು.

ಕಡಬದಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಆಫೀಸು ನಮ್ಮದು. ಫೋನಿನಲ್ಲಿ ದೂರು ಕೇಳಿಸಿಕೊಳ್ಳುವುದು ನನ್ನ ಕೆಲಸ. ನಮ್ಮ ಜಾಲ ದೊಡ್ಡ ಕಂಪೆನಿಯ ಜಾಲಕ್ಕೆ ಸೇರುವ ಪೆಟ್ಟಿಗೆ ಹಿಂದಿನ ಕೋಣೆಯಲ್ಲಿತ್ತು. ಊರಿನವರು ನೋಡುವ ಸಿನಿಮಾ, ಗಲ್ಫಿಗೆ ಮಾಡುವ ವಿಡಿಯೋ ಕಾಲ್ ಎಲ್ಲ ಅದೊಂದೇ ದಾರಿಯಲ್ಲಿ ಹೋಗಿಬರಬೇಕು. ಅಲ್ಲಿ ಎಷ್ಟು ಹರಿಯುತ್ತಿದೆ ಎಂಬ ಅಂಕಿಯನ್ನು ಹಮೀದಾಕ ಗಂಟೆಗೊಮ್ಮೆ ಪರದೆಯಲ್ಲಿ ನೋಡಿ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಗಲ್ಫಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದಾಗ ಅಂಟಿದ ಅಭ್ಯಾಸ.

ಸಂಜೆಯಾದರೆ ಪಕ್ಕದ ಊರು ಆಲಂಕಾರಿನಿಂದ ಫೋನಿನ ಮೇಲೆ ಫೋನು: "ಎಂತ ಮಾರಾಯ್ರೆ, ತಿರುಗುದೇ ತಿರುಗುದು, ಚಿತ್ರ ಬರುದೇ ಇಲ್ಲ!" ದಾರಿ ಅಗಲ ಮಾಡಿಕೊಡಿ ಎಂದರೆ ದೊಡ್ಡ ಕಂಪೆನಿಯವರದ್ದು ಒಂದೇ ಉತ್ತರ: ದಿನದ ಸರಾಸರಿಯಲ್ಲಿ ಅರ್ಧವೂ ತುಂಬಿಲ್ಲ.

"ಸರಾಸರಿ ಅಂದ್ರೆ ಎಂತ ಗೊತ್ತುಂಟಾ?" ಹಮೀದಾಕ ಕೆರಳುತ್ತಿದ್ದರು. "ಮಧ್ಯಾಹ್ನ ಬಸ್ಸು ಖಾಲಿ. ಸಂಜೆ ಜನ ಫುಟ್‌ಬೋರ್ಡಿನಲ್ಲಿ ನೇತಾಡುದು. ಸರಾಸರಿ ತೆಗೆದ್ರೆ ಎಲ್ಲರಿಗೂ ಸೀಟುಂಟು! ಘಾಟಿಗೆ ಎಷ್ಟು ಲಾರಿ ಹತ್ತಿತು ಅಂತ ಘಾಟಿಯ ಬುಡದಲ್ಲಿ, ಗುಂಡ್ಯದಲ್ಲಿ ನಿಂತು ಎಣಿಸಿದವ ಹೇಳ್ಬೇಕು."

ನಾಲ್ಕು ತಿಂಗಳು ಬರೆದು, ಆ ಪುಸ್ತಕವನ್ನೇ ಕಂಪೆನಿಯ ಮುಂದಿಡುವುದು ಅವರ ಹಟ.

ನಾಲ್ಕನೆಯದ್ದು ಉಪವಾಸದ ತಿಂಗಳು. ಉಪವಾಸ ಬಿಡಲು ಅವರು ಆರೂವರೆಗೇ ಮಸೀದಿಗೆ ಹೋಗಿ ಎಂಟಕ್ಕೆ ಮರಳುತ್ತಿದ್ದರು. "ಏಳರದ್ದೊಂದು ನೋಡಿ ಬರೀರಿ ಅಕ್ಕ" ಎಂದು ಪುಸ್ತಕ ನನ್ನ ಕೈಗೆ ಕೊಟ್ಟರು. ಫೋನಿನ ನೆಪ ಹೇಳಬಹುದು. ನಿಜವೆಂದರೆ ಏಳಕ್ಕೆ ನನ್ನ ಬಸ್ಸು. ಆರೂಮುಕ್ಕಾಲಿಗೇ ಹಿಂದಿನ ತಿಂಗಳ ಪುಟ ತೆರೆದು, ಅಲ್ಲಿದ್ದ ಅಂಕಿಯನ್ನು ಚೂರು ಆಚೀಚೆ ಮಾಡಿ ಬರೆದು ಓಡುತ್ತಿದ್ದೆ. ತಿಂಗಳಿಡೀ. ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಹಮೀದಾಕ ಕಾಗದದಲ್ಲಿ ಸುತ್ತಿಟ್ಟ ನಾಲ್ಕು ಖರ್ಜೂರ ಇರುತ್ತಿತ್ತು.

ಹಬ್ಬ ಕಳೆದ ಮೇಲೆ ಕಂಪೆನಿಯ ಇಂಜಿನಿಯರ್ ಬಂದ. ಪುಸ್ತಕ ತಿರುವಿದ, ಲ್ಯಾಪ್‌ಟಾಪ್ ನೋಡಿದ.

"ನಮ್ಮ ಮೀಟರಿನಲ್ಲಿ ಕಳೆದ ತಿಂಗಳು ದಿನಾ ಏಳಕ್ಕೆ ದೊಡ್ಡ ತಗ್ಗು ಉಂಟು. ನಿಮ್ಮಲ್ಲಿ ಒಂದು ದಿನವೂ ಇಲ್ಲವಲ್ಲ?"

ನನಗೆ ಆಗಲೇ ಹೊಳೆದದ್ದು. ಉಪವಾಸ ಬಿಡುವ ಹೊತ್ತದು. ಎಷ್ಟೋ ಮನೆಗಳಲ್ಲಿ ಮೊಬೈಲು ಕೆಳಗಿಟ್ಟು ಎಲ್ಲರೂ ಒಟ್ಟಿಗೆ ಕೂತಿರುತ್ತಾರೆ. ನಾನು ಒಂದು ದಿನ ಏಳರವರೆಗೆ ನಿಂತು ಪರದೆ ನೋಡಿದ್ದರೂ ಕಾಣುತ್ತಿತ್ತು.

"ಇದನ್ನು ಬರೆದದ್ದು ಯಾರು?"

ಹಮೀದಾಕ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ನಾನು ದೂರಿನ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಪುಸ್ತಕ ನನ್ನದು" ಎಂದರು ಕೊನೆಗೆ.

"ಏಳರದ್ದೇ ಸುಳ್ಳಾದ್ರೆ, ನಮ್ಮ ಮೀಟರಿಗಿಂತ ಜಾಸ್ತಿ ಇರುವ ಒಂಬತ್ತರ ರಶ್ಶನ್ನು ಹೇಗೆ ನಂಬುದು?" ಎಂದು ಇಂಜಿನಿಯರ್ ಎದ್ದುಹೋದ. ದಾರಿ ಅಗಲವಾಗಲಿಲ್ಲ. "ಇನ್ನು ಈ ಬರೆಯುದೆಲ್ಲ ಬೇಡ" ಎಂದರು ನಮ್ಮ ಯಜಮಾನರು. ಹೆಚ್ಚು ದಿನವಾಗಲಿಲ್ಲ, ಹಮೀದಾಕ ಕೆಲಸವನ್ನೇ ಬಿಟ್ಟರು.

ಅವರು ಕಾಸರಗೋಡಿಗೆ, ಮಗಳ ಮನೆಗೆ ಹೋಗಿಬಿಡುತ್ತಾರಂತೆ ಎಂದು ಕೇಳಿ ಒಂದು ಭಾನುವಾರ ಅವರ ಮನೆಗೆ ಹೋಗಿ ಕಂಡೆ. ಜಗಲಿಯಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಗಂಟು ಹಾಕಲು ಬೆರಳು ಒತ್ತಿ ಕೊಟ್ಟೆ. ಆಗಲೇ ಬಾಯಿಬಿಟ್ಟೆ.

"ಹಮೀದಾಕ, ಏಳರದ್ದು ನಾನು ನೋಡದೆ ಬರೆದದ್ದು."

"ಗೊತ್ತುಂಟು. ಏಳರದ್ದು ಬರೆಯಲು ಪುಸ್ತಕ ಕೊಟ್ಟವನೇ ನಾನಲ್ವಾ?"

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ?"

ಅವರು ಹಗ್ಗದ ತುದಿಯನ್ನು ಜಗ್ಗಿ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಹೇಳ್ತೀರಾ ಅಂತ ನೋಡಿದೆ ಅಕ್ಕ. ಸುಮಾರು ಹೊತ್ತು ನೋಡಿದೆ."