ಎಡವಿದ್ದನ್ನೂ ಬರೆಸಿದವರು

ಎದೆಯ ಎಕ್ಸ್-ರೇ ಚಿತ್ರ ನೋಡಿ ರೋಗ ಗುರುತಿಸುವ ವಿದ್ಯೆಯಲ್ಲಿ ಮೂವತ್ತನಾಲ್ಕು ವರ್ಷಗಳಿಂದ ನಮ್ಮ ಆಸ್ಪತ್ರೆಯ ಕೊನೆಯ ಮಾತು, ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ವೈದ್ಯೆಯವರದು. ಬೆನ್ನ ಹಿಂದೆ ನಾವು ಅವರನ್ನು ‘ಭೂತಗನ್ನಡಿ ಮೇಡಂ’ ಎನ್ನುತ್ತಿದ್ದುದು ಅವರಿಗೂ ತಿಳಿದಿತ್ತು. ಅದಕ್ಕಾಗಿ ಎಂದೂ ಮುಖ ಗಂಟಿಕ್ಕಿದವರಲ್ಲ. ಮೊದಲ ವರ್ಷ ನಾನು ವರದಿಯೊಂದನ್ನು ತಪ್ಪಾಗಿ ಬರೆದಾಗ ಎಲ್ಲರೆದುರು ಚಕಾರವೆತ್ತದೆ, ಊಟದ ಬಿಡುವಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅದೇ ಚಿತ್ರವನ್ನು ಮತ್ತೆ ತೋರಿಸಿದ್ದರು.

ಮೂರು ವರ್ಷಗಳ ಹಿಂದೆ, ಅವರ ಅನುಭವ ಅವರೊಡನೆಯೇ ಮನೆಗೆ ಹೋಗಬಾರದೆಂದು ಆಡಳಿತ ಮಂಡಳಿಯು ಅದನ್ನು ಕಂಪ್ಯೂಟರಿಗೆ ಇಳಿಸಲು ನಿರ್ಧರಿಸಿ, ಆ ಹೊಣೆಯನ್ನು ನನ್ನ ತಲೆಗೆ ಕಟ್ಟಿತು. ಅವರು ಹೇಳಿದರು, ನಾನು ಬರೆದುಕೊಂಡೆ, ಇನ್ನೂರು ಸೂತ್ರಗಳಾದವು. ಅವನ್ನು ಹಿಡಿದು ಕಿರಿಯ ವೈದ್ಯರು ನಲವತ್ತು ಹಳೆಯ ಚಿತ್ರಗಳನ್ನು ಓದಿದಾಗ ಹನ್ನೊಂದು ತಪ್ಪಿದವು. ಆ ಹನ್ನೊಂದನ್ನು ನೀವು ಹೇಗೆ ಗುರುತಿಸುತ್ತೀರಿ ಎಂದು ಮೇಡಂ ಅವರನ್ನು ಕೇಳಿದೆ.

“ನೋಡಿದ್ರೆ ಗೊತ್ತಾಗುತ್ತಪ್ಪ. ಹೇಗೆ ಅಂದ್ರೆ ಏನು ಹೇಳ್ಲಿ?” ಎಂದರು.

ಮರುದಿನ ಅವರು ಮೇಜಿನ ಕೆಳಗಿನ ಖಾನೆಯ ಬೀಗ ತೆಗೆದು ಒಂದು ಕಡತವನ್ನು ನನ್ನ ಮುಂದಿಟ್ಟರು. ಅವರೇ ತಪ್ಪಾಗಿ ಓದಿದ್ದ ಹತ್ತೊಂಬತ್ತು ಚಿತ್ರಗಳು. ಮೊದಲನೆಯದು ಶಾಲಾ ಶಿಕ್ಷಕಿಯೊಬ್ಬರದು. ಪಕ್ಕೆಲುಬಿನ ನೆರಳಲ್ಲಿ ಅಡಗಿದ್ದ ಗಂಟನ್ನು ಇವರು ಹಳೆಯ ಗಾಯದ ಕಲೆಯೆಂದು ಬರೆದಿದ್ದರು; ಎಂಟು ತಿಂಗಳಲ್ಲಿ ಆ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

“ನಾನು ಸರಿಯಾಗಿ ಹೇಳಿದ್ದು ಎಲ್ರಿಗೂ ಗೊತ್ತು. ಎಡವಿದ್ದು ಎಲ್ಲಿ ಅಂತ ನನಗೊಬ್ಬಳಿಗೇ ಗೊತ್ತು. ಇದನ್ನ ಬರ್ಕೊ.”

ಆಸ್ಪತ್ರೆಯ ಹೆಸರು ಕೆಡುತ್ತದೆ, ಕೋರ್ಟು ಕಚೇರಿ ಅಲೆಯಬೇಕಾದೀತು ಎಂದು ಮಂಡಳಿ ಅಡ್ಡಗಾಲು ಹಾಕಿತು. ಮೇಡಂ ವಾದಕ್ಕೆ ನಿಲ್ಲಲಿಲ್ಲ. ಶಿಕ್ಷಕಿಯ ಗಂಡನ ಮನೆಗೆ ತಾವೇ ಹೋಗಿ ನಡೆದುದನ್ನೆಲ್ಲ ಹೇಳಿದರು. ಆತ ಕೊನೆಯವರೆಗೂ ಕೇಳಿ, ಚಿತ್ರ ತೆಗೆದ ತಾರೀಖನ್ನಷ್ಟೇ ವಿಚಾರಿಸಿ, ಗೇಟಿನವರೆಗೆ ಬಂದು ಕಳಿಸಿಕೊಟ್ಟರಂತೆ. ಆಮೇಲೆ ಮೇಡಂ ಹೊಣೆಯೆಲ್ಲ ತಮ್ಮದೆಂದು ಮಂಡಳಿಗೆ ಸಹಿ ಮಾಡಿಕೊಟ್ಟರು. ಮಂಡಳಿ ಸುಮ್ಮನಾಯಿತು. ಪ್ರತಿ ಚಿತ್ರದ ಜೊತೆಗೂ, ಅಂದು ತಮ್ಮ ಕಣ್ಣು ಏಕೆ ಮೋಸಹೋಯಿತೆಂಬುದನ್ನು ಬಿಡಿಸಿ ಬರೆಸಿದರು; ಅದೆಲ್ಲವೂ ಕಂಪ್ಯೂಟರಿಗೆ ಸೇರಿತು.

ಕಳೆದ ವರ್ಷ ಬಸ್ ಚಾಲಕರೊಬ್ಬರ ಚಿತ್ರಕ್ಕೆ ‘ಹಳೆಯ ಕಲೆ’ ಎಂದು ಬರೆಯಹೊರಟ ಕಿರಿಯ ವೈದ್ಯೆಗೆ ಕಂಪ್ಯೂಟರ್ ಅದನ್ನೇ ಹೋಲುವ ಆ ಶಿಕ್ಷಕಿಯ ಚಿತ್ರವನ್ನು ತೋರಿಸಿತು. ಆಕೆ ಕೈ ತಡೆದು ಮರುಪರೀಕ್ಷೆಗೆ ಕಳಿಸಿದರು. ಗಂಟು ಚಿಕ್ಕದಿದ್ದಾಗಲೇ ಸಿಕ್ಕಿತು. ಶಸ್ತ್ರಚಿಕಿತ್ಸೆಯಾಗಿ ಚಾಲಕರು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ.

ಮೇಡಂ ನೂರುಕಾಲ ಬಾಳಲಿ. ವಾರಕ್ಕೆರಡು ದಿನ ಬಂದು ಪಾಠ ಹೇಳುವೆನೆಂದಿರುವ ಮಾತನ್ನು ನಡೆಸಿಕೊಡಲಿ. ತಪ್ಪಿದ್ದನ್ನು ಒಪ್ಪಿ ಬರೆಯುವ ಗಟ್ಟಿತನ ಅವರ ಶಿಷ್ಯರಾದ ನಮಗೂ ಬರಲಿ. ನಾನು ಎಡವಿದ ಚಿತ್ರಗಳು ಏಳಿವೆ. ಮೊನ್ನೆ ಅವನ್ನು ಅವರ ಕೈಗೆ ಕೊಟ್ಟೆ.