ಹವಾಲ್ದಾರರ ಸಮರಾಭ್ಯಾಸ

ಮೊನ್ನೆ ಬೀದಿ ಕೊನೆಯ ಇಸ್ತ್ರಿ ಅಂಗಡಿಗೆ ಸೀರೆ ತರಲು ಹೋಗಿದ್ದೆ. ಯಾರದೋ ಖಾಕಿ ಷರಟು ಇಸ್ತ್ರಿ ಪೆಟ್ಟಿಗೆಯ ಕೆಳಗಿತ್ತು. ಗಂಜಿ ಹಾಕಿದ ಖಾಕಿ ಬಟ್ಟೆಗೆ ನೀರು ಚಿಮುಕಿಸಿ ಕೆಂಡದ ಪೆಟ್ಟಿಗೆ ಒತ್ತಿದಾಗ ಒಂದು ವಾಸನೆ ಬರುತ್ತದಲ್ಲ, ಅನ್ನ ತಳ ಹಿಡಿದ ಹಾಗೆ, ಸ್ವಲ್ಪ ಹುಳಿ, ಸ್ವಲ್ಪ ಹೊಗೆ... ಅದು ಮೂಗಿಗೆ ಬಿದ್ದದ್ದೇ ತಡ, ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದ ಮೇಲೂ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಬಾಲ್ಕನಿಗೆ ತಿರುಗಿದ್ದೇ ತಿರುಗಿದ್ದು. ನಮ್ಮ ಹಳೆಯ ಮನೆ ಮಾಲೀಕರು, ಹವಾಲ್ದಾರರು, ತಲೆಯೊಳಗೆ ಬಂದು ಕೂತುಬಿಟ್ಟಿದ್ದರು. ಕೂತರು ಅನ್ನುವುದೂ ತಪ್ಪೇ. ಆ ಮನುಷ್ಯ ಎಲ್ಲೂ ಕೂತವರಲ್ಲ.

ಎಂಬತ್ತರ ದಶಕದ ಆರಂಭ. ನಾನು ಮದುವೆಯಾಗಿ ಟಿ. ದಾಸರಹಳ್ಳಿಗೆ ಬಂದಾಗ ಅದು ಅರ್ಧ ಹಳ್ಳಿ, ಅರ್ಧ ಪೀಣ್ಯ. ಒಂದು ಬದಿಗೆ ರಾಗಿ ಹೊಲ, ಇನ್ನೊಂದು ಬದಿಗೆ ಲೇತ್ ಮಿಷನ್ನುಗಳ ಕಿರುಚಾಟ. ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹವಾಲ್ದಾರರು ಸೈನ್ಯದಿಂದ ನಿವೃತ್ತರಾಗಿ ಬಂದು, ಅದೇ ಕಾರ್ಖಾನೆಯ ಗೇಟಿನ ಸೆಕ್ಯುರಿಟಿಯವರಿಗೆಲ್ಲ ಮೇಲಿನವರಾಗಿದ್ದರು. ಊರಿನ ತಮ್ಮ ಜಾಗದಲ್ಲಿ ಒಂದು ವಠಾರ ಕಟ್ಟಿಸಿದ್ದರು, ಅದರಲ್ಲಿ ನಮ್ಮದೂ ಒಂದು ಮನೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಗಳು ಹತ್ತಿರದ ಮಾಕಳಿಗೆ ಮದುವೆಯಾಗಿ ಹೋಗಿದ್ದಳು. ಮಗ ಅಪ್ಪನ ಹಾಗೆಯೇ ಸೈನ್ಯ ಸೇರಿದ್ದ.

ಕೆಲಸದಿಂದ ಬಂದು ಕಾಫಿ ಕುಡಿದರೆಂದರೆ ಹವಾಲ್ದಾರರು ಜಗಲಿಯ ಮೇಲೆ ಅತ್ತಿಂದಿತ್ತ ನಡೆಯಲು ಶುರು ಮಾಡುವರು. ಕೈಯಲ್ಲಿ ಪೇಪರು. ಅದರಲ್ಲಿ ಸೈನ್ಯದ ಸುದ್ದಿ ಒಂದು ಸಾಲು ಬಂದಿದ್ದರೆ ಸಾಕು, ವಠಾರದ ಗಂಡಸರಿಗೆಲ್ಲ ಪಾಠ. ಹೊಸ ಬಂದೂಕಿನ ಬಗ್ಗೆ ಅವರಿಗೆ ಸಮಾಧಾನವಿರಲಿಲ್ಲ. "ಹಳೇದ್ರಲ್ಲಿ ಒಂದ್ ಗುಂಡು ಆರ್ಸುದ್ರೆ ಇನ್ನೊಂದುಕ್ಕೆ ಬೋಲ್ಟು ಎಳೀಬೇಕಾಗಿತ್ತು. ಅಷ್ಟ್ರಾಗೆ ಮನುಸ ಒಂದ್ ಗಳಿಗೆ ಯೋಚ್ನೆ ಮಾಡ್ತಿದ್ದ. ಈಗಿಂದು ತಾನೇ ತುಂಬ್ಕಂತದೆ. ಯೋಚ್ನೆಗೆ ಪುರ್ಸೊತ್ತೆಲ್ಲೈತೆ?" ಎನ್ನುವರು. ಅಧಿಕಾರಿಗಳ ಬಗ್ಗೆಯೂ ಹಾಗೆಯೇ. ನಕ್ಷೆ ಓದಬಲ್ಲ ಆಫೀಸರುಗಳನ್ನು ಬೇಕಾದಷ್ಟು ಕಂಡಿದ್ದರಂತೆ, "ಈ ದಾರಿ ನನಗೆ ಗೊತ್ತಿಲ್ಲ" ಎಂದು ಜವಾನರ ಮುಂದೆ ಒಪ್ಪಿಕೊಂಡವರು ಮಾತ್ರ ಒಬ್ಬರೇ. ಆ ಒಬ್ಬರ ಹೆಸರು ಎತ್ತಿದಾಗೆಲ್ಲ ಹವಾಲ್ದಾರರು ನಡೆಯುವುದನ್ನು ನಿಲ್ಲಿಸಿ, ನೆಟ್ಟಗೆ ನಿಂತು, ಮತ್ತೆ ನಡೆಯುವರು. ನಾವು ಹೆಂಗಸರು ಬಾಗಿಲ ಸಂದಿಯಲ್ಲಿ ನಿಂತು ನಗುತ್ತಿದ್ದೆವು.

ಅವರ ಪ್ರಾಣವೆಲ್ಲ ಇದ್ದದ್ದು ಸಮರಾಭ್ಯಾಸದಲ್ಲಿ. ಅವರ ಬಾಯಲ್ಲಿ ಅದು ಎಕ್ಸರ್‌ಸೈಜು. ಎರಡು ಪಡೆ ಮಾಡಿ, ಯುದ್ಧದ ಹಾಗೆಯೇ ಕಾದಾಡಿಸುತ್ತಾರಂತೆ. ಮಧ್ಯೆ ಅಂಪೈರುಗಳು ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಓಡಾಡುತ್ತಾ, "ನೀನು ಸತ್ತೆ" ಎಂದು ಕೆಲವರಿಗೆ ಹೇಳುತ್ತಾರಂತೆ. ಹೇಳಿಸಿಕೊಂಡವನು ಅಲ್ಲೇ ಮಲಗಬೇಕು. ವಯಸ್ಸಿನಲ್ಲಿ ಇವರು ಹೀಗೆ ಒಮ್ಮೆ ಸತ್ತು, ಹುಣಸೇಮರದ ನೆರಳಲ್ಲಿ ಚೆನ್ನಾಗಿ ನಿದ್ದೆ ಹೊಡೆದರಂತೆ. ಸುಬೇದಾರರು ಬಂದು ಬೂಟಿನಲ್ಲಿ ತಿವಿದು, "ಹೆಣ ಗೊರಕೆ ಹೊಡೆಯುತ್ತದೇನೋ?" ಎಂದು ಎಬ್ಬಿಸಿದರಂತೆ. "ಸತ್ತೋನು ಕಣ್ ಬುಟ್ಕಂಡು ಮಲಗಿರ್ಬೇಕು. ನಾನ್ ಯಾಕ್ ಸತ್ತೆ ಅಂತ ನೋಡ್ಬೇಕು. ಅದ್ಕೇ ಎಕ್ಸರ್‌ಸೈಜು ಅನ್ನಾದು" ಎಂದು ಮುಗಿಸುವರು.

ಆ ಪಾಠವನ್ನು ಅವರು ಕಾರ್ಖಾನೆಗೂ ತಂದರು. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಸಲು ಒಂದು ದಿನ ಸೈರನ್ ಊದಿಸಿ, ಹೊಗೆ ಎಬ್ಬಿಸಿ, ನಿಧಾನ ಮಾಡಿದವರ ತೋಳಿಗೆಲ್ಲ ಬಿಳಿ ಬಟ್ಟೆ ಕಟ್ಟಿ, "ನೀವು ಸತ್ರಿ, ಇಲ್ಲೇ ಮಲಗಿ" ಎಂದರು. ಸತ್ತವರ ಪೈಕಿ ನನ್ನ ಗಂಡನೂ ಒಬ್ಬ. ಸತ್ತ ಮೇಲೆ ಇನ್ನೇನು ಕೆಲಸ ಎಂದು ಅವರೆಲ್ಲ ಎದ್ದು, ಬಟ್ಟೆಯ ಪಟ್ಟಿಯ ಸಮೇತ ಕ್ಯಾಂಟೀನಿಗೆ ಹೋಗಿ ಕೂತರು. ಅಂದು ಬಿಸಿ ಬೋಂಡಾ ಮಾಡಿದ್ದರಂತೆ.

ಸಂಜೆ ಹವಾಲ್ದಾರರು ಸೀದಾ ನಮ್ಮ ಬಾಗಿಲಿಗೆ ಬಂದರು. ಗಂಜಿ ಹಾಕಿದ ಖಾಕಿ ಬಟ್ಟೆ ಇನ್ನೂ ಮುದುರಿರಲಿಲ್ಲ, ಮುಖ ಮಾತ್ರ ಕೆಂಪಗಾಗಿತ್ತು. "ನೋಡಮ್ಮಾ, ನಿನ್ ಗಂಡ ಇವತ್ತು ಒಗೆ ಕುಡ್ದು ಸತ್ತೋದ. ಸತ್ತು, ಕ್ಯಾಂಟೀನ್‌ಗೋಗಿ ಬೋಂಡಾ ತಿಂದ. ಸತ್ತೋನು ಬೋಂಡಾ ತಿಂತಾನೇನಮ್ಮಾ?"

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. "ನಗ್‌ಬ್ಯಾಡ. ಅಭ್ಯಾಸ ಬ್ಯಾರೆ, ಯುದ್ಧ ಬ್ಯಾರೆ ಅಂತ ತಿಳ್ಕಂಡಿದೀರ ನೀವೆಲ್ಲ. ಅಭ್ಯಾಸವೇ ಯುದ್ಧ ಕಣಮ್ಮಾ" ಎಂದು ಹೊರಟುಹೋದರು. ಆಮೇಲೆ ವಠಾರದಲ್ಲಿ ಎಷ್ಟೋ ದಿನ ನನ್ನ ಗಂಡನಿಗೆ ಬೋಂಡಾ ಎಂದೇ ಹೆಸರಾಯಿತು.

ಮುಂದಿನ ಸುಗ್ಗಿಗೆ ಅವರ ಮಗ ರಜೆಯ ಮೇಲೆ ಬಂದಿದ್ದ. ತೆಳ್ಳಗಿನ ಹುಡುಗ, ಅಪ್ಪನಂತೆ ಮಾತುಗಾರನಲ್ಲ. ಅವನ ತುಕಡಿಗೆ ಹೊಸ ಗಾಡಿ ಬಂದಿತ್ತಂತೆ. ಮೈಯೆಲ್ಲ ಉಕ್ಕು, ಒಳಗೆ ಜವಾನರು ಕೂರುವುದು, ನೆಲದ ಮೇಲೂ ಹೋಗುತ್ತದೆ, ನೀರಿನ ಮೇಲೂ ತೇಲುತ್ತದೆ. ಮಗ ಒಂದು ಮಾತು ಹೇಳಿದರೆ ಅಪ್ಪ ಅದನ್ನು ಹತ್ತಾಗಿಸಿ ಊರಿಗೆಲ್ಲ ಹಂಚಿದರು. ಹೊಸದೇನು ಬಂದರೂ ಹುಳುಕು ಹುಡುಕುತ್ತಿದ್ದ ಮನುಷ್ಯ ಆ ಗಾಡಿಯನ್ನು ಮಾತ್ರ ಬಾಯ್ತುಂಬ ಹೊಗಳಿದರು. "ನಮ್ ಕಾಲ್ದಾಗೆ ಕಾಲ್ವೆ ದಾಟಕ್ಕೆ ಅಗ್ಗ ಇಡ್ಕಂಡು ಕುತ್ಗೆಗಂಟ ಮುಳುಗ್ತಿದ್ವಿ. ಈ ನನ್ಮಕ್ಳು ಕಾಲೂ ನೆನೆಯಂಗಿಲ್ಲ" ಎಂದು ಮಗನ ಬೆನ್ನಿಗೆ ಗುದ್ದುವರು. ಅಕ್ಕ ಒಳಗಿನಿಂದಲೇ, "ಈಜು ಬರ್ತದೇನ್ಲಾ ನಿಂಗೆ?" ಎಂದು ಕೇಳಿದಳು. ಅದಕ್ಕೆ ಅವನು ಏನೆಂದನೋ... ನೆನಪಿಲ್ಲ. ನಕ್ಕಿರಬೇಕು.

ಆ ವರ್ಷವೇ ತಂತಿ ಬಂತು. ಮರಳುಗಾಡಿನ ಕಡೆ ದೊಡ್ಡ ಸಮರಾಭ್ಯಾಸ ನಡೆದಿತ್ತು. ಕಾಲುವೆ ದಾಟುವಾಗ ಗಾಡಿ ಮಗುಚಿ ಮಗ ಹೋಗಿಬಿಟ್ಟಿದ್ದ. ದಹನ ಅಲ್ಲೇ ಆಗಿ, ಅಸ್ಥಿಯ ಮಡಕೆ ಹಿಡಿದುಕೊಂಡು ಅವನ ಜೊತೆಗಾರನೊಬ್ಬ ಬಂದ. ಹವಾಲ್ದಾರರು ಅವನನ್ನು ಏನೇನೋ ಕೇಳಿದರು. ಎಷ್ಟು ಆಳ, ಹರಿವು ಎಷ್ಟಿತ್ತು, ಮೇಲಿನ ಬಾಗಿಲು ತೆರೆದಿತ್ತೇ, ಮುಂದೆ ಯಾರಿದ್ದರು... ಪಾಪ, ಆ ಹುಡುಗ ಬೇರೆ ಗಾಡಿಯಲ್ಲಿದ್ದವನು, ಅವನಿಗೇನು ಗೊತ್ತು? ಅಕ್ಕ ಮಡಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಬಾಯಿಗೆ ಕಟ್ಟಿದ ಬಟ್ಟೆಯನ್ನು ನೇವರಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕೂತಿದ್ದೆ.

ನಮ್ಮ ಕೆರೆಯ ಏರಿಯ ಮೇಲೆ ಒಂದು ಹಳೆಯ ವೀರಗಲ್ಲಿತ್ತು. ಯಾವ ಕಾಲದಲ್ಲೋ ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ, ಕಾದಾಡಿ ಸತ್ತವನದು. ಹಬ್ಬಕ್ಕೆ ಹೆಂಗಸರು ಅದಕ್ಕೆ ಎಣ್ಣೆ ಎರೆದು ಅರಿಶಿನ ಹಚ್ಚಿ ಬರುತ್ತಿದ್ದರು. ತಿಥಿ ಮುಗಿದ ಮೇಲೆ ಅಕ್ಕನಿಗೆ ಅದೊಂದೇ ಆಸೆ ಹುಟ್ಟಿತು. ತನ್ನ ಮಗನಿಗೂ ಆ ಕಲ್ಲಿನ ಪಕ್ಕದಲ್ಲಿ ಒಂದು ಕಲ್ಲು ನಿಲ್ಲಬೇಕು, ಅವನೂ ಊರಿನವನಾಗಿ ಎಣ್ಣೆ ಅರಿಶಿನ ಪಡೆಯಬೇಕು. ಊರ ಹಿರಿಯ ಗೌಡರು ಬಂದು, ಆಗಲಿ ಎಂದರು, ಒಂದೇ ಒಂದು ಮಾತು ಸೇರಿಸಿ. "ಏರಿ ಮ್ಯಾಲೆ ಕಲ್ಲು ನಿಲ್ಲಾದು ಕಾದಾಡಿ ಸತ್ತೋರ್ಗೆ. ಯುದ್ಧದಾಗೆ ಸತ್ತ ಅಂತ ಕೆತ್ಸಾನ. ಯಾರ್ ಬಂದ್ ಕೇಳ್ತಾರೆ?"

ಹವಾಲ್ದಾರರು ಒಪ್ಪಲಿಲ್ಲ. ಕೆತ್ತಿಸಿದರೆ ಸಮರಾಭ್ಯಾಸ ಎಂದೇ ಕೆತ್ತಿಸಬೇಕು, ಇಲ್ಲದಿದ್ದರೆ ಕಲ್ಲೇ ಬೇಡ. ಗೌಡರೂ ಬಗ್ಗಲಿಲ್ಲ. ದಿನಗಟ್ಟಲೆ ವಠಾರದಲ್ಲಿ ಅದೇ ಮಾತು. ಆ ದಿನಗಳಲ್ಲಿ ಹವಾಲ್ದಾರರು ನಡೆದ ನಡಿಗೆಗೆ ಜಗಲಿಯ ಗಾರೆ ಸವೆದಿರಬೇಕು. ಬೆಳಿಗ್ಗೆ ಹಾಲು ತರಲು ಎದ್ದರೆ ನಡೆಯುತ್ತಿರುವರು, ಮಧ್ಯಾಹ್ನ ಬಟ್ಟೆ ಒಣಹಾಕಲು ಹೊರಬಂದರೆ ನಡೆಯುತ್ತಿರುವರು. ನೋಡಿ ನೋಡಿ ನನಗೇ ಕಾಲು ಸೋಲುತ್ತಿತ್ತು. ಒಮ್ಮೆ ಧೈರ್ಯ ಮಾಡಿ, "ಅಕ್ಕನಿಗೋಸ್ಕರ ಒಪ್ಕೊಂಬಿಡಿ ಭಾವಾ" ಎಂದೆ.

ಅವರು ನಿಂತರು. "ಸುಳ್ಳು ಬರ್ಸುದ್ರೆ ಏನರ್ಥ ಗೊತ್ತೇನಮ್ಮಾ? ನನ್ ಮಗ ಸತ್ತಿದ್ದು ಸಾಲ್ದು, ಇನ್ನೂ ಚೆನ್ನಾಗ್ ಸಾಯ್ಬೇಕಾಗಿತ್ತು ಅಂತ ಅಪ್ಪ ಆದೋನು ನಾನೇ ಯೇಳ್ದಂಗೆ."

ಒಳಗೆ ರಾಗಿ ಹಸನು ಮಾಡುತ್ತಿದ್ದ ಅಕ್ಕ ಮೊರವನ್ನು ಕೆಳಗಿಟ್ಟು ಹೊಸ್ತಿಲಿಗೆ ಬಂದಳು. ಮಗ ಹೋದ ಮೇಲೆ ಅವಳು ಗಂಡನ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಭ್ಯಾಸವೇ ಯುದ್ಧ ಅಂತ ಈ ಜಗಲಿ ಮ್ಯಾಲೆ ನಿಂತ್ಕಂಡು ಊರ್ಗೆಲ್ಲ ಯೇಳ್ದೋರು ನೀವೇಯ. ನಿಮ್ ಮಗ ಅದ್ನೇ ನಂಬ್ಕಂಡು ಓಗ್ಬುಟ್ಟ. ಈಗ ಕಲ್ ಮ್ಯಾಲೆ ಬರ್ಸಕ್ಕೆ ಮಾತ್ರ ಅದು ಯುದ್ಧ ಅಲ್ವಾ?"

ಎಲ್ಲದಕ್ಕೂ ಅಭಿಪ್ರಾಯವಿದ್ದ ಮನುಷ್ಯ ಗೋಡೆಗೆ ಕೈ ಕೊಟ್ಟು, ಮೆಲ್ಲಗೆ ಜಗಲಿಯ ಅಂಚಿನಲ್ಲಿ ಕೂತರು. ಅವರು ಹಾಗೆ ಕೂತದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. ಸವೆದ ಗಾರೆಯನ್ನು ನೋಡುತ್ತಾ, "ಆಗ್ಲಿ ಬುಡು, ಬರ್ಸು" ಎಂದರು.

ಕಲ್ಲು ನಿಂತಿತು. ಅಂದು ಹವಾಲ್ದಾರರು ಬಿಳಿ ಷರಟು ತೊಟ್ಟು, ಪದಕಗಳನ್ನು ಚುಚ್ಚಿಕೊಂಡು ಬಂದು ಸೆಲ್ಯೂಟ್ ಹೊಡೆದರು. ಊರಿನವರು ಜೈಕಾರ ಹಾಕಿದರು, ಅಕ್ಕ ತಣ್ಣಗೆ ಎಣ್ಣೆ ಎರೆದಳು. ಅವಳ ಮುಖದಲ್ಲಿ ಅಂದು ಕಂಡ ಸಮಾಧಾನಕ್ಕೆ ನಾನು ಈಗಲೂ ತಪ್ಪು ಹೇಳಲಾರೆ. ಹವಾಲ್ದಾರರು ಮಾತ್ರ ಆಮೇಲೆ ಏರಿಯ ಕಡೆ ಹೋಗಲಿಲ್ಲ. ಪೇಪರು ಮಡಚಿದ್ದು ಮಡಚಿದ ಹಾಗೆಯೇ ಬಿದ್ದಿರುತ್ತಿತ್ತು. ಕಾರ್ಖಾನೆಯಲ್ಲಿ ಮತ್ತೆ ಬೆಂಕಿಯ ಅಭ್ಯಾಸ ಬಂದಾಗ ನನ್ನ ಗಂಡ, ಅವರನ್ನು ಗೆಲುವಾಗಿಸೋಣವೆಂದು, "ಈ ಸಲ ನಾನು ಅಲ್ಲಾಡದೆ ಮಲಗ್ತೀನಿ ಹವಾಲ್ದಾರ್ರೇ" ಎಂದನಂತೆ. "ನಿಮ್ಗೆಂಗ್ ಬೇಕೋ ಅಂಗ್ ಮಾಡ್ಕಳ್ಳಿ" ಎಂದು ಅವರು ಗೇಟಿನ ಕಡೆ ನಡೆದರಂತೆ. ಮನೆಗೆ ಬಂದು ಅದನ್ನು ಹೇಳುವಾಗ ನನ್ನ ಗಂಡನ ಕಣ್ಣು ತುಂಬಿತ್ತು. ನಾವು ಸೈಟು ಕೊಂಡು ಬೇರೆ ಕಡೆ ಹೋದ ಮೇಲೆ ಬರುವುದು ಹೋಗುವುದು ಕಡಿಮೆಯಾಯಿತು. ಅವರು ತೀರಿಕೊಂಡ ಸುದ್ದಿ, ಆಮೇಲೆ ಅಕ್ಕನದು, ಎರಡೂ ತಡವಾಗಿಯೇ ತಲುಪಿದವು...

ಇಸ್ತ್ರಿ ಅಂಗಡಿಯಲ್ಲಿ ಹಾಗಾದ ಮೇಲೆ ತಡೆಯಲಾರದೆ ಮಾರನೆಯ ಭಾನುವಾರ ಮೆಟ್ರೋ ಹಿಡಿದು ದಾಸರಹಳ್ಳಿಗೆ ಹೋದೆ. ವಠಾರವಿದ್ದ ಜಾಗದಲ್ಲಿ ಎತ್ತರದ ಕಟ್ಟಡ ಎದ್ದಿದೆ. ಏರಿ ಈಗ ರಸ್ತೆ. ಕಲ್ಲುಗಳೆರಡಕ್ಕೂ ಟೈಲ್ಸ್ ಹಾಕಿದ ಪುಟ್ಟ ಗುಡಿ ಕಟ್ಟಿದ್ದಾರೆ. ಅದರ ಮುಂದೆ ಯುವಕ ಸಂಘದ ಹುಡುಗನೊಬ್ಬ ಸ್ವಾತಂತ್ರ್ಯ ದಿನಾಚರಣೆಗೆ ಬಾವುಟದ ಕಂಬ ನೆಡಿಸುತ್ತಿದ್ದ. ನಾನು ಅಕ್ಕನ ಮಗನ ಕಲ್ಲಿನ ಮುಂದೆ ಬಹಳ ಹೊತ್ತು ನಿಂತದ್ದನ್ನು ನೋಡಿ ಹತ್ತಿರ ಬಂದ.

"ಆಂಟಿ, ನಿಮಗೆ ಇವರು ಗೊತ್ತಾ? ನಾನು ಭಾಷಣ ಮಾಡ್ಬೇಕು. ಯಾವ ಯುದ್ಧ ಅಂತ ಎಷ್ಟು ಹುಡುಕಿದ್ರೂ ಸಿಗ್ತಿಲ್ಲ."

ಹೇಳಿದೆ. ಯುದ್ಧ ಇರಲಿಲ್ಲಪ್ಪ, ಸಮರಾಭ್ಯಾಸದಲ್ಲಿ ಗಾಡಿ ಕಾಲುವೆಗೆ ಮಗುಚಿತು ಎಂದೆ. ಅವನ ಮುಖ ಇಳಿಯಿತು.

"ಓ, ಟ್ರೈನಿಂಗಾ... ಅಷ್ಟೇನಾ ಆಂಟಿ?"

ಒಳ್ಳೆಯ ಹುಡುಗನೇ. ಬಿಸಿಲಲ್ಲಿ ನಿಂತ ನನಗೆ ಕುರ್ಚಿ ತರಿಸಿದವನು. ಆದರೂ ನನ್ನ ಮೈಯೆಲ್ಲ ಉರಿಯಿತು. ಅಕ್ಕ ಹೆದರಿದ್ದು ಈ ಮಾತಿಗೇ. ಹವಾಲ್ದಾರರು ಬದುಕಿಡೀ ಜಗಲಿಯ ಮೇಲೆ ಜಗಳವಾಡಿದ್ದೂ ಈ ಮಾತಿನ ಜೊತೆಗೇ. "ಅಷ್ಟೇ ಅಲ್ಲಪ್ಪ, ಕೂತ್ಕೋ, ಹೇಳ್ತೀನಿ" ಎಂದೆ. ಅವನು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಫ್ಲೆಕ್ಸ್ ಪ್ರಿಂಟಾಗ್ಬಿಟ್ಟಿದೆ ಆಂಟಿ, ಯುದ್ಧ ಅಂತಾನೇ ಹಾಕ್ಸಿದೀವಿ. ದಯವಿಟ್ಟು ಯಾರ್ಗೂ ಹೇಳ್ಬೇಡಿ" ಎಂದ. ಕಂಬ ವಾಲುತ್ತಿದೆಯೆಂದು ಯಾರೋ ಕೂಗಿದರು, ಓಡಿದ.

ಹೇಳಬಾರದಂತೆ. ಆ ಜಗಲಿಯ ಮಾತು ಕೇಳಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ, ನಾನೂ ಬಾಯಿ ಮುಚ್ಚಿಕೊಂಡರೆ ಆಯಿತು, ಮುಗಿಯಿತು. ಅಕ್ಕಾ, ನೀನು ಬೈದುಕೊಂಡರೂ ಸರಿ. ನಿನ್ನ ಮಗ ಸತ್ತದ್ದು ಸಮರಾಭ್ಯಾಸದಲ್ಲಿ.